ಸರಕು ಪಟ್ಟಿಯ ಕೊನೆಯ ಸಾಲು

ಬುಧವಾರ ಸಂಜೆ ಮಾಹಿಮ್‌ನಲ್ಲಿ ಟ್ಯಾಕ್ಸಿ ಸಿಗುವುದಿಲ್ಲ. ಸಿಕ್ಕರೂ ಅದು ಮುಂದೆ ಹೋಗುವುದಿಲ್ಲ. ಎಲ್.ಜೆ. ರಸ್ತೆಯ ಸೇಂಟ್ ಮೈಕಲ್ಸ್ ಚರ್ಚಿನಲ್ಲಿ ಅವತ್ತು ನೊವೆನಾ. ಒಂಬತ್ತು ಬುಧವಾರ ತಪ್ಪದೆ ಬಂದು ಬೇಡಿಕೊಂಡರೆ ಮೇರಿ ಮಾತೆ ನಡೆಸಿಕೊಡುತ್ತಾಳೆ ಅನ್ನುವ ನಂಬಿಕೆ. ಕ್ರೈಸ್ತರು ಮಾತ್ರ ಬರುತ್ತಾರೆ ಅಂದುಕೊಳ್ಳಬೇಡಿ. ಕುಂಕುಮ ಇಟ್ಟವರು, ಬುರ್ಖಾ ಹಾಕಿದವರು, ಆಫೀಸಿನಿಂದ ನೇರ ಲ್ಯಾಪ್‌ಟಾಪ್ ಬ್ಯಾಗ್ ಸಮೇತ ಬಂದವರು, ಎಲ್ಲರೂ ಒಂದೇ ಸಾಲಿನಲ್ಲಿ. ಫುಟ್‌ಪಾತಿನಲ್ಲಿ ಮೇಣದ ಸಾಮಾನು ಮಾರುತ್ತಾರೆ. ಮೇಣದ ಕೈ, ಮೇಣದ ಕಾಲು, ಮೇಣದ ಮಗು, ಮೇಣದ ಮನೆ. ಮುಂಬೈಯಲ್ಲಿ ಮೇಣದ ಮನೆಯಾದರೂ ಕೈಗೆಟುಕುತ್ತದಲ್ಲ, ಪುಣ್ಯ.

ಈ ಗದ್ದಲದಲ್ಲಿ ಚರ್ಚು ಯಾರ ಹೆಸರಿನದು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಟ್ಯಾಕ್ಸಿಯವರಿಗೆ ‘ಮಾಹಿಮ್ ಚರ್ಚ್’, ಉಳಿದವರಿಗೆ ‘ನೊವೆನಾ ಚರ್ಚ್’. ಅದು ಇರುವುದು ಮೀಕಾಯೇಲನ ಹೆಸರಲ್ಲಿ, ಇಂಗ್ಲಿಷಿನ ಮೈಕಲ್. ಮೀಕಾಯೇಲ ಅಂದರೆ ದೇವದೂತರ ದಂಡಿನ ನಾಯಕ. ಬೈಬಲ್ಲಿನ ಕೊನೆಯ ಪುಸ್ತಕ ‘ಪ್ರಕಟನೆ’. ಅದರ 12ನೇ ಅಧ್ಯಾಯದಲ್ಲಿ ಪರಲೋಕದಲ್ಲೇ ಯುದ್ಧ ನಡೆಯುತ್ತದೆ. ಒಂದು ಕಡೆ ಏಳು ತಲೆ, ಹತ್ತು ಕೊಂಬಿನ ಕೆಂಪು ಘಟಸರ್ಪ. ಇನ್ನೊಂದು ಕಡೆ ಮೀಕಾಯೇಲ ಮತ್ತು ಅವನ ದೂತರು. ಘಟಸರ್ಪ ಸೋತು ಭೂಮಿಗೆ ಬೀಳುತ್ತದೆ. ಚಿತ್ರ ನೋಡಿರುತ್ತೀರಿ: ರೆಕ್ಕೆಯ ಯುವಕ, ಕೈಯಲ್ಲಿ ಈಟಿ, ಕಾಲಡಿಯಲ್ಲಿ ಸೈತಾನ.

ಕರಾವಳಿಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಕ್ಷಗಾನದಲ್ಲಿ ಮಹಿಷಾಸುರ ದೊಂದಿ ಬೆಳಕಿನಲ್ಲಿ, ಜನರ ನಡುವಿನಿಂದ ಆರ್ಭಟಿಸುತ್ತಾ ಬರುವುದನ್ನು ನೋಡಿ ಬೆಳೆದವರು ನಾವು. ನಿದ್ದೆ ಮಾಡುತ್ತಿದ್ದ ಮಕ್ಕಳನ್ನು ಎಬ್ಬಿಸುವುದು ದೇವಿಯ ಪ್ರವೇಶಕ್ಕಲ್ಲ, ಅವನ ಪ್ರವೇಶಕ್ಕೆ. ಪ್ರಕಟನೆಯ ಕತೆಯೂ ಅಷ್ಟೇ. ಅದರ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಘಟಸರ್ಪದಿಂದ ಅಧಿಕಾರ ಪಡೆದ ಮೃಗ ಗೊತ್ತು, ಅದರ ಸಂಖ್ಯೆ 666 ಗೊತ್ತು, ಕೊನೆಯ ಯುದ್ಧದ ಜಾಗ ಅರ್ಮಗೆದೋನ್ ಗೊತ್ತು. ಖಳನಿಗೆ ಎಲ್ಲ ಊರಲ್ಲೂ ಪ್ರಚಾರ ಜಾಸ್ತಿ.

ಆದರೆ ಪುಸ್ತಕವನ್ನು ಕೂತು ಓದಿದರೆ ಕತೆ ಬೇರೆ ದಾರಿ ಹಿಡಿಯುತ್ತದೆ.

ನನಗೆ ಅದನ್ನು ಓದುವ ಯೋಗ ಬಂದದ್ದು ನಮ್ಮ ಕಟ್ಟಡದ ಟೀಚರಿಂದ. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಉಡುಪಿ ಕಡೆಯವರು. ಮನೆಮಾತು ತುಳು, ಪ್ರಾರ್ಥನೆ ಕನ್ನಡ, ತರಕಾರಿಯವನ ಜೊತೆ ಜಗಳ ಮರಾಠಿ. ಬಾಸೆಲ್ ಮಿಶನ್ನಿನ ಹಳೆಯ ಪ್ರೊಟೆಸ್ಟೆಂಟ್ ಕುಟುಂಬ. ಈಗ ಕಣ್ಣು ಮಂಜಾಗಿದೆ. ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನ ಅವರ ಸತ್ಯವೇದವನ್ನು, ಅಂದರೆ ಕನ್ನಡ ಬೈಬಲ್ಲನ್ನು, ಅವರಿಗೆ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹಿಂದೂ ಅನ್ನುವುದು ಅವರಿಗೆ ಅಡ್ಡಿಯಾಗಲಿಲ್ಲ. ಮಹಾಪ್ರಾಣ ನುಂಗುತ್ತೇನೆ ಅನ್ನುವುದು ಮಾತ್ರ ಅಡ್ಡಿ. “ಘಟಸರ್ಪ. ಗಟಸರ್ಪ ಅಲ್ಲ. ಎಲ್ಲಿ, ಇನ್ನೊಂದು ಸಲ ಹೇಳು.”

ನೊವೆನಾಕ್ಕೆ ಟೀಚರ್ ಹೋದವರಲ್ಲ. ಮೇಣಕ್ಕೂ ದೇವರಿಗೂ ಏನು ಸಂಬಂಧ ಮಾರಾಯ ಅನ್ನುತ್ತಾರೆ. ಬುಧವಾರ ಬಸ್ಸಿನ ರಶ್ಶಿಗೆ ಬಯ್ಯುವುದನ್ನೂ ಬಿಟ್ಟವರಲ್ಲ.

ಪ್ರಕಟನೆ ಒಂಟಿಯಾಗಿ ಓದಿಕೊಳ್ಳಲು ಬರೆದದ್ದೇ ಅಲ್ಲ. ಗಟ್ಟಿಯಾಗಿ ಓದುವವನೂ ಕೇಳುವವರೂ ಧನ್ಯರು ಅಂತ ಮೊದಲ ಅಧ್ಯಾಯದಲ್ಲೇ ಇದೆ. ಬರೆದವನು ಯೋಹಾನ. ಪತ್ಮೋಸ್ ಅನ್ನುವ ಸಣ್ಣ ದ್ವೀಪದಲ್ಲಿದ್ದವನು. ಕಾಲ ಸುಮಾರು ಕ್ರಿ.ಶ. 95, ರೋಮಿನಲ್ಲಿ ದೊಮಿಶಿಯನ್ ಆಳುತ್ತಿದ್ದ ಕಾಲ ಅನ್ನುವುದು ಹೆಚ್ಚಿನ ವಿದ್ವಾಂಸರ ಲೆಕ್ಕ. ಈಗಿನ ಟರ್ಕಿಯ ಏಳು ಊರುಗಳ ಕ್ರೈಸ್ತ ಸಭೆಗಳಿಗೆ ಇದು ಕಾಗದ. ಚಕ್ರವರ್ತಿಯನ್ನು ದೇವರೆಂದು ಪೂಜಿಸುವ ಊರುಗಳು ಅವು. ಅಂಥ ಕಡೆ ಬೆರಳೆಣಿಕೆಯಷ್ಟು ಜನ, ರೋಮಿನವರೇ ಶಿಲುಬೆಗೆ ಹಾಕಿ ಕೊಂದ ಒಬ್ಬನನ್ನು ಒಡೆಯ ಅನ್ನುತ್ತಿದ್ದರು. ನೇರ ಹೇಳಿದರೆ ತಲೆ ಹೋಗುತ್ತಿತ್ತು. ಅದಕ್ಕೇ ಮೃಗ, ಕೊಂಬು, ಸಂಖ್ಯೆ. 666 ಅನ್ನುವುದು, ಅಂಕೆಗಳಾಗಿಯೂ ಬಳಕೆಯಾಗುವ ಹೀಬ್ರೂ ಅಕ್ಷರಗಳ ಬೆಲೆ ಕೂಡಿಸಿದರೆ, ನೀರೋ ಚಕ್ರವರ್ತಿಯ ಹೆಸರು ಅಂತ ಬಹಳ ಮಂದಿ ಒಪ್ಪುತ್ತಾರೆ. ಕೇಳುವವರಿಗೆ ಅದು ಗೊತ್ತಿದ್ದಿರಬೇಕು. ಕಂಡವರ ಬಾರ್‌ಕೋಡಿನಲ್ಲಿ ಅದನ್ನು ಹುಡುಕುವ ಚಾಳಿ ನಂತರದ್ದು.

ಐದನೇ ಅಧ್ಯಾಯಕ್ಕೆ ಬಂದಾಗ ಟೀಚರ್ ನನ್ನನ್ನು ತಡೆದು, ಇಲ್ಲಿ ನಿಧಾನ ಓದು ಅಂದರು. ಸಿಂಹಾಸನದ ಮೇಲೆ ಕೂತವನ ಕೈಯಲ್ಲಿ ಏಳು ಮುದ್ರೆ ಒತ್ತಿದ ಸುರುಳಿ ಇದೆ. ಬಿಚ್ಚುವ ಯೋಗ್ಯತೆ ಯಾರಿಗೂ ಇಲ್ಲ. ಯೋಹಾನ ಅಳುತ್ತಾನೆ. ಆಗ ಹಿರಿಯನೊಬ್ಬ ಹೇಳುತ್ತಾನೆ: ಅಳಬೇಡ, ಯೂದ ಕುಲದ ಸಿಂಹ ಗೆದ್ದಿದ್ದಾನೆ. ಯೋಹಾನ ತಿರುಗಿ ನೋಡುತ್ತಾನೆ. ಸಿಂಹ ಇಲ್ಲ. ಅಲ್ಲಿ ನಿಂತಿರುವುದು ಒಂದು ಕುರಿಮರಿ. ಅದೂ ಕೊಯ್ದ ಗಾಯ ಇರುವ ಕುರಿಮರಿ.

ಇಡೀ ಕ್ರೈಸ್ತ ನಂಬಿಕೆಯ ಕೀಲು ಈ ಒಂದು ನೋಟದಲ್ಲಿದೆ ಅಂತ ನನಗನಿಸುತ್ತದೆ. ಸಿಂಹ ಅಂತ ಕಿವಿಗೆ ಕೇಳಿಸಿದ್ದು, ಕಣ್ಣಿಗೆ ಕಂಡದ್ದು ಬಲಿಯಾದ ಪ್ರಾಣಿ. ಎರಡೂ ಯೇಸುವೇ. ಆಮೇಲೆ ಪುಸ್ತಕದ ಕೊನೆಯವರೆಗೆ ಸಿಂಹ ಮತ್ತೆ ರಂಗಕ್ಕೆ ಬರುವುದೇ ಇಲ್ಲ. ಗೆಲ್ಲುವುದೆಲ್ಲ ಕುರಿಮರಿಯೇ. ಮೀಕಾಯೇಲನ ಯುದ್ಧದ ಪಕ್ಕದಲ್ಲೇ, ಹನ್ನೊಂದನೇ ವಚನದಲ್ಲಿ, ಘಟಸರ್ಪವನ್ನು ಜಯಿಸಿದ್ದು ಹೇಗೆ ಅಂತ ವಿವರಣೆ ಇದೆ. ಕುರಿಮರಿಯ ರಕ್ತದಿಂದ, ತಮ್ಮ ಸಾಕ್ಷಿಯ ಮಾತಿನಿಂದ, ಪ್ರಾಣದ ಮೇಲೆ ಆಸೆ ಇಟ್ಟುಕೊಳ್ಳದೆ ಇದ್ದುದರಿಂದ. ಈಟಿಯ ಸುದ್ದಿಯೇ ಇಲ್ಲ. ಈಟಿ ಕೊಟ್ಟವರು ಚಿತ್ರಕಾರರು.

ಹಾಗಾದರೆ ಆ ಮಹಾಯುದ್ಧ ಎಲ್ಲಿ? ನಾನು ಹುಡುಕುತ್ತಾ ಹೋದೆ. ಅರ್ಮಗೆದೋನ್ ಅನ್ನುವ ಹೆಸರು ಬರುವುದು ಒಂದೇ ಕಡೆ, 16ನೇ ಅಧ್ಯಾಯದಲ್ಲಿ. ರಾಜರು ಅಲ್ಲಿ ಸೇರುತ್ತಾರೆ, ಅಷ್ಟೇ. ಕಾದಾಟದ ಮಾತಿಲ್ಲ. 19ನೇ ಅಧ್ಯಾಯದಲ್ಲಿ ಬಿಳಿ ಕುದುರೆಯ ಮೇಲೆ ಒಬ್ಬ ಬರುತ್ತಾನೆ, ಕತ್ತಿ ಅವನ ಬಾಯಿಂದ ಹೊರಡುತ್ತದೆ. ಎರಡೂ ಸೈನ್ಯ ಎದುರುಬದುರು ನಿಲ್ಲುತ್ತವೆ. ಮುಂದಿನ ವಚನದಲ್ಲಿ ಮೃಗ ಸೆರೆ ಸಿಕ್ಕಿಯಾಯಿತು. ಹಕ್ಕಿಗಳು ಹೆಣ ತಿನ್ನುವ ಭೀಕರ ಮಾತು ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಯುದ್ಧದ ವರ್ಣನೆ ಬೇಕು ಅಂದರೆ ಕುಮಾರವ್ಯಾಸನ ದ್ರೋಣಪರ್ವಕ್ಕೇ ಹೋಗಬೇಕು. ಇಲ್ಲಿ ಗೆಲುವು ಮೊದಲೇ ಆಗಿಹೋಗಿದೆ. ಒಂದು ಶುಕ್ರವಾರ ಶಿಲುಬೆಯ ಮೇಲೆ, ಭಾನುವಾರ ಬೆಳಿಗ್ಗೆ ಖಾಲಿ ಸಮಾಧಿಯಲ್ಲಿ. ಉಳಿದದ್ದು ಆ ಗೆಲುವು ಎಲ್ಲರಿಗೂ ಕಾಣುವುದು. ಊರೂರು ತಿರುಗಿ ಯೇಸುವಿನ ಸುವಾರ್ತೆ ಸಾರಿದ ಪೌಲ, ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಕೊನೆಯ ಶತ್ರು ಯಾರು ಅಂತ ಹೆಸರಿಸುತ್ತಾನೆ. ರೋಮಿನವರಲ್ಲ, ಸೈತಾನನೂ ಅಲ್ಲ. ಮರಣ.

ಟೀಚರ ಯಜಮಾನರನ್ನು ಮಣ್ಣು ಮಾಡಿದ್ದು ಸೆವ್ರಿಯಲ್ಲಿ. ಆ ಅಧ್ಯಾಯವನ್ನು ಅವತ್ತು ಪಾದ್ರಿಗಳು ಓದಿದ್ದರಂತೆ. “ಓದುವಾಗ ಸಿಟ್ಟು ಬಂದಿತ್ತು,” ಅಂದರು. “ಸೋತ ಶತ್ರು ನಮ್ಮ ಮನೆಗೆ ಯಾಕೆ ಬರಬೇಕಿತ್ತು?” ಅದಕ್ಕೆ ನಾನು ಏನು ಹೇಳಲಿ?

ಸಾವಿರ ವರ್ಷದ ಲೆಕ್ಕವನ್ನು ಬೇಗ ಮುಗಿಸಿಬಿಡುತ್ತೇನೆ, ಅದರಲ್ಲಿ ನನಗೆ ರುಚಿ ಕಮ್ಮಿ. 20ನೇ ಅಧ್ಯಾಯದಲ್ಲಿ ಸೈತಾನನನ್ನು ಸಾವಿರ ವರ್ಷ ಕಟ್ಟಿಹಾಕುತ್ತಾರೆ, ಆಮೇಲೆ ಸ್ವಲ್ಪ ಕಾಲ ಬಿಡುತ್ತಾರೆ, ಆಮೇಲೆ ಅವನ ಕತೆ ಮುಗಿಯುತ್ತದೆ. ಯೇಸು ಆ ಸಾವಿರ ವರ್ಷಕ್ಕೆ ಮೊದಲು ಬರುತ್ತಾನೋ ನಂತರ ಬರುತ್ತಾನೋ ಅಂತ ಪಂಗಡಗಳು ಕಿತ್ತಾಡಿಕೊಂಡಿವೆ. 410ರಲ್ಲಿ ರೋಮ್ ನಗರವನ್ನು ಗಾಥರು ಕೊಳ್ಳೆ ಹೊಡೆದ ಕಾಲದಲ್ಲಿ ಬದುಕಿದ್ದ ಬಿಷಪ್ ಅಗಸ್ಟೀನ್, ಅದು ಅಕ್ಷರಶಃ ಸಾವಿರ ಅಲ್ಲ, ಸಭೆ ನಡೆಯುತ್ತಿರುವ ಈ ಕಾಲವೇ ಅದು ಅಂದ. ಕ್ಯಾಥೊಲಿಕರು ಹೆಚ್ಚುಕಮ್ಮಿ ಅದನ್ನೇ ಹಿಡಿದರು. ಅಮೆರಿಕದ ಬೋಧಕ ವಿಲಿಯಂ ಮಿಲ್ಲರನ ಹಿಂಬಾಲಕರು 1844ರ ಅಕ್ಟೋಬರ್ 22ಕ್ಕೆ ಯೇಸು ಬರುತ್ತಾನೆ ಅಂತ ತಾರೀಕೇ ಇಟ್ಟು ಕಾದರು. ಮಾರನೇ ದಿನ ಎಂದಿನಂತೆ ಸೂರ್ಯ ಹುಟ್ಟಿದ. ಆ ದಿನ ತಂದೆಗೆ ಹೊರತು ಮಗನಿಗೂ ಗೊತ್ತಿಲ್ಲ ಅಂತ ಯೇಸುವೇ ಹೇಳಿದ್ದಾನೆ, ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲಿ. ಲೋಕಲ್ ಟ್ರೈನಿನಲ್ಲಿ ಕರಪತ್ರ ಹಂಚುವವರಿಗೆ ಆ ವಚನ ಯಾಕೋ ಕಣ್ಣಿಗೆ ಬೀಳುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು 18ನೇ ಅಧ್ಯಾಯ.

ನಾನು ಹೊಟ್ಟೆ ಹೊರೆದದ್ದು ಬಂದರಿನ ಕಾಗದದಲ್ಲಿ. ಬಲಾರ್ಡ್ ಎಸ್ಟೇಟಿನ ಹಳೆಯ ಕಟ್ಟಡದಲ್ಲಿ ಕೂತು ಬಿಲ್ ಆಫ್ ಲೇಡಿಂಗ್, ಪ್ಯಾಕಿಂಗ್ ಲಿಸ್ಟ್, ಇನ್‌ವಾಯ್ಸ್ ತಾಳೆ ನೋಡುವ ಕೆಲಸ. ಕಂಟೇನರುಗಳೆಲ್ಲ ಆಚೆ ದಡದ ನ್ಹಾವಾ ಶೇವಾ ಬಂದರಿಗೆ ಹೋದ ಮೇಲೂ ಕಾಗದ ಅಲ್ಲೇ ಉಳಿಯಿತು. ಹಾಗಾಗಿ ಆ ಅಧ್ಯಾಯದಲ್ಲಿ ಸರಕು ಪಟ್ಟಿ ಕಂಡ ಕೂಡಲೇ ಕೈ ಅಭ್ಯಾಸದಿಂದ ಪೆನ್ನು ಹುಡುಕಿತು.

ಬಾಬೆಲ್ ಅನ್ನುವ ಮಹಾನಗರ ಬಿದ್ದಿದೆ. ಬಾಬೆಲ್ ಅಂದರೆ ಇಲ್ಲಿ ರೋಮ್. ಯಾರು ಅಳುತ್ತಿದ್ದಾರೆ ನೋಡಿ: ಮೊದಲು ರಾಜರು, ಆಮೇಲೆ ವ್ಯಾಪಾರಿಗಳು, ಆಮೇಲೆ ಹಡಗಿನ ನಾಯಕರು. ಮೂವರೂ ದೂರದಲ್ಲೇ ನಿಂತು ಅಳುತ್ತಾರೆ, ಹೊಗೆ ನೋಡುತ್ತಾ. ಹತ್ತಿರ ಹೋಗಿ ಯಾರನ್ನಾದರೂ ಎಳೆದು ಉಳಿಸೋಣ ಅನ್ನುವ ಪ್ರಾಣಿ ಒಂದೂ ಇಲ್ಲ. ವ್ಯಾಪಾರಿಗಳ ದುಃಖಕ್ಕೆ ಕಾರಣವನ್ನೂ ಕೊಟ್ಟಿದ್ದಾನೆ: ತಮ್ಮ ಸರಕನ್ನು ಇನ್ನು ಕೊಳ್ಳುವವರಿಲ್ಲ. ಆಮೇಲೆ ಸರಕಿನ ಪಟ್ಟಿ. ಚಿನ್ನ, ಬೆಳ್ಳಿ, ರತ್ನ, ಮುತ್ತು. ನಯವಾದ ನಾರುಬಟ್ಟೆ, ರೇಷ್ಮೆ. ದಂತ, ಬೆಲೆಬಾಳುವ ಮರ, ತಾಮ್ರ, ಕಬ್ಬಿಣ, ಅಮೃತಶಿಲೆ. ದಾಲ್ಚಿನ್ನಿ, ಧೂಪ. ದ್ರಾಕ್ಷಾರಸ, ಎಣ್ಣೆ, ಹಿಟ್ಟು, ಗೋಧಿ. ದನ, ಕುರಿ, ಕುದುರೆ, ರಥ. ಪಟ್ಟಿಯ ಕೊನೆಗೆ, ಎಲ್ಲದರಿಂದ ಕೆಳಗೆ: ಗುಲಾಮರು, ಮನುಷ್ಯರ ಪ್ರಾಣ.

ಪಟ್ಟಿ ಮಾಡಿದವನು ಕಸುಬು ಗೊತ್ತಿದ್ದವನು. ಬೆಲೆಬಾಳುವ ಸಾಮಾನು ಮೇಲೆ, ದಿನಸಿ ಕೆಳಗೆ, ಜೀವಂತ ಸರಕು ಅದರ ಕೆಳಗೆ. ನಡುವೆ ಒಂದು ಬಯ್ಗುಳ ಇಲ್ಲ, ವ್ಯಾಖ್ಯಾನ ಇಲ್ಲ. ದಾಲ್ಚಿನ್ನಿಯ ಹಾಗೇ ಮನುಷ್ಯನೂ ಒಂದು ಐಟಂ. ಅದರಲ್ಲಿ ಮುತ್ತು, ದಂತ, ಸಾಂಬಾರ ವಸ್ತುಗಳಲ್ಲಿ ಎಷ್ಟೋ ಪಾಲು ನಮ್ಮ ಪಶ್ಚಿಮ ಕರಾವಳಿಯಿಂದಲೇ ರೋಮಿಗೆ ಹೋಗುತ್ತಿತ್ತು. ಆ ಹೊಗೆ ನೋಡಿ ಅತ್ತ ವ್ಯಾಪಾರಿಗಳಲ್ಲಿ ನಮ್ಮ ಕಡೆಯ ಸರಕು ತುಂಬಿದವರೂ ಇದ್ದಿರಬೇಕು ಅಲ್ವಾ?

ಕೆಡುಕಿನ ಸೋಲು ಅಂದರೆ ಕೊಂಬಿನ ರಾಕ್ಷಸನ ವಧೆ ಅಂದುಕೊಂಡು ಕೂತರೆ, ಯೋಹಾನ ಜಮಾಖರ್ಚಿನ ಪುಸ್ತಕ ತೆರೆದು ತೋರಿಸುತ್ತಾನೆ. ರಾಕ್ಷಸ ಬಿದ್ದದ್ದಕ್ಕಿಂತ ಪೇಟೆ ಬಿದ್ದದ್ದಕ್ಕೆ ಅವನು ಜಾಸ್ತಿ ಜಾಗ ಕೊಟ್ಟಿದ್ದಾನೆ. ಮನುಷ್ಯನನ್ನು ಪಟ್ಟಿಯಲ್ಲಿ ಹಾಕುವ ಲೆಕ್ಕ ಇನ್ನು ನಡೆಯುವುದಿಲ್ಲ ಅನ್ನುವುದೇ ಅವನ ಜಯಘೋಷ. ಈ ಭಾಗವನ್ನು ಮುಂಬೈಯಲ್ಲಿ ಕೂತು ಓದುವಾಗ ಕಿಟಕಿಯಾಚೆ ನೋಡದೆ ಇರಲಾಗುವುದಿಲ್ಲ.

ಯಾಕೆಂದರೆ ಆ ಕೊನೆಯ ಐಟಂ ಈ ಬಂದರಿನಲ್ಲೂ ಇಳಿದಿದೆ. 19ನೇ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆ ಅರಬ್ಬೀ ಸಮುದ್ರದಲ್ಲಿ ಗುಲಾಮರ ಹಡಗುಗಳನ್ನು ಹಿಡಿದು, ಬಿಡಿಸಿದ ಆಫ್ರಿಕನ್ ಮಕ್ಕಳನ್ನು ಬೊಂಬಾಯಿಗೆ ತರುತ್ತಿತ್ತು. ಅವರಲ್ಲಿ ಬಹಳ ಮಂದಿಯನ್ನು ನಾಸಿಕದ ಶರಣಪುರದ ಮಿಶನ್ನಿಗೆ ಕಳಿಸಿದರು. ಅಲ್ಲಿ ಬೆಳೆದವರಲ್ಲಿ ಜೇಕಬ್ ವೇನ್‌ರೈಟ್ ಒಬ್ಬ. ಆಫ್ರಿಕದ ಒಳನಾಡಿನಲ್ಲಿ 1873ರಲ್ಲಿ ತೀರಿಕೊಂಡ ಅನ್ವೇಷಕ ಲಿವಿಂಗ್‌ಸ್ಟನ್ನನ ದೇಹದ ಜೊತೆ ಲಂಡನ್ನಿನವರೆಗೆ ಹೋದವನು ಅವನೇ. ಪಟ್ಟಿಯ ಕೊನೆಯ ಸಾಲಿನಲ್ಲಿದ್ದ ಹುಡುಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಶವಕ್ಕೆ ಹೆಗಲು ಕೊಟ್ಟ.

ಇದನ್ನು ಹೇಳಿ ಕ್ರೈಸ್ತರಿಗೆ ಶಹಬ್ಬಾಸ್ ಅಂದು ಮುಗಿಸಬಹುದಿತ್ತು. ಆದರೆ 16ನೇ ಶತಮಾನದ ಗೋವಾದ ಪೇಟೆಯಲ್ಲಿ ಆಫ್ರಿಕದಿಂದ ತಂದವರನ್ನು ಹರಾಜು ಕೂಗಿದ್ದು ಯಾರು? ಭಾನುವಾರ ತಪ್ಪದೆ ಪೂಜೆಗೆ ಹೋಗುತ್ತಿದ್ದವರೇ. ಅವರ ಚರ್ಚುಗಳಲ್ಲೂ ಈ ಪುಸ್ತಕ ಇತ್ತು. ಯೋಹಾನನಿಗೆ ಇಂಥವರ ಪರಿಚಯ ಇದ್ದಂತಿದೆ. ಅವನ ಕಾಗದದ ಮೊದಲ ಬಯ್ಗುಳ ಬೀಳುವುದು ಸಭೆಗಳಿಗೇ. ಲವೊದಿಕೀಯದವರಿಗೆ, ನೀವು ಬಿಸಿಯೂ ಅಲ್ಲ ತಣ್ಣಗೂ ಅಲ್ಲ, ಉಗುರುಬೆಚ್ಚಗೆ, ಕಾರಿಬಿಡುತ್ತೇನೆ ಅನ್ನುತ್ತಾನೆ. ಬಾಬೆಲ್ ಬೀಳುವಾಗ ಕೇಳುವ ಧ್ವನಿಯೂ ‘ನನ್ನ ಪ್ರಜೆಗಳೇ, ಅವಳನ್ನು ಬಿಟ್ಟು ಹೊರಗೆ ಬನ್ನಿ’ ಅನ್ನುತ್ತದೆ. ಒಳಗೆ ಇದ್ದವರಿಗಲ್ಲವೇ ಹೊರಗೆ ಬನ್ನಿ ಅನ್ನುವುದು.

ನಾನು ಹೀಗೆಲ್ಲ ಭಾಷಣ ಬಿಗಿದಾಗ ಟೀಚರಿಗೆ ಸರಿ ಬರಲಿಲ್ಲ. ಅವರ ಅಜ್ಜ ಮಂಗಳೂರಿನಲ್ಲಿ ಮಿಶನ್ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಬಾಸೆಲ್ ಮಿಶನ್ 1834ರಲ್ಲಿ ಬಂದಾಗ, ಮತಾಂತರವಾದವರಿಗೆ ಜಾತಿಯವರು ಕೆಲಸ ಬಿಡಿಸಿದರು, ಗೇಣಿ ಬಿಡಿಸಿದರು. ಅವರಿಗೆ ಕೂಲಿ ಬೇಕು ಅಂತ ಮೊದಲು ನೇಯ್ಗೆ, 1865ರಲ್ಲಿ ಹೆಂಚು. ಆ ಹೆಂಚು ಹಡಗಿನಲ್ಲಿ ಬೊಂಬಾಯಿಗೂ ಬರುತ್ತಿತ್ತು. “ಎಲ್ಲ ವ್ಯಾಪಾರವೂ ಬಾಬೆಲ್ ಆಗುತ್ತದೆಯಾ? ಆ ಹೆಂಚಿನ ದುಡ್ಡಿನಲ್ಲೇ ನನ್ನ ಅಪ್ಪ ಅಕ್ಷರ ಕಲಿತದ್ದು. ಸುಮ್ನೆ ಓದು.” ಸುಮ್ಮನೆ ಓದಿದೆ.

ಆರನೇ ಅಧ್ಯಾಯದ ಒಂದು ಜಾಗವನ್ನು ಮಾತ್ರ ಅವರು ಆಗಾಗ ಮತ್ತೆ ಓದಿಸುತ್ತಾರೆ. ಬಲಿಪೀಠದ ಕೆಳಗೆ, ಕೊಲೆಯಾದವರ ಆತ್ಮಗಳು ಇವೆ. ಅವು ಸ್ತೋತ್ರ ಹಾಡುತ್ತಿಲ್ಲ. ಒಡೆಯನೇ, ಇನ್ನೂ ಎಷ್ಟು ಕಾಲ, ನಮಗೆ ನ್ಯಾಯ ಯಾವಾಗ ಅಂತ ಕೂಗುತ್ತಿವೆ. ಪರಲೋಕದಲ್ಲೇ ತಕರಾರು! ಕೂಗಿದ್ದಕ್ಕೆ ಗದರಿಕೆ ಬೀಳುವುದಿಲ್ಲ. ಬಿಳಿ ನಿಲುವಂಗಿ ಕೊಟ್ಟು, ಇನ್ನೂ ಸ್ವಲ್ಪ ಕಾಲ ತಡೆಯಿರಿ ಅನ್ನುತ್ತಾರೆ. ಟೀಚರ ತಮ್ಮ ಪರೇಲಿನ ಕಡೆ ಒಂದು ಮಿಲ್ಲಿನಲ್ಲಿದ್ದ. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮಿಲ್ ಮುಷ್ಕರ ಶುರುವಾದಾಗ ಹೊರಬಂದ ಸುಮಾರು ಎರಡೂವರೆ ಲಕ್ಷ ಜನರಲ್ಲಿ ಅವನೂ ಒಬ್ಬ. ಮತ್ತೆ ಒಳಗೆ ಹೋಗಲಿಲ್ಲ. ಬರಬೇಕಾದ ಬಾಕಿ ಪೂರ್ತಿ ಕೈಗೆ ಬರುವ ಮೊದಲೇ ತೀರಿಕೊಂಡ. ಆ ಜಾಗದಲ್ಲಿ ಈಗ ಗಾಜಿನ ಗೋಪುರ ಇದೆ. ಅವನ ಬಗ್ಗೆ ಟೀಚರ್ ಮಾತಾಡುವುದು ಕಮ್ಮಿ. ಆ ವಚನ ಓದು ಅನ್ನುತ್ತಾರೆ, ಅಷ್ಟೇ.

ಕೊನೆಯ ತೀರ್ಪಿನ ಮಾತು ಹೊಟ್ಟೆ ತುಂಬಿದವರಿಗೆ ಹೆದರಿಕೆ ಹುಟ್ಟಿಸುತ್ತದೆ. ಬಾಕಿ ಬರಬೇಕಾದವರಿಗೆ ಅದು ವಿಚಾರಣೆಯ ತಾರೀಕು. ಕೋರ್ಟು ಮೆಟ್ಟಿಲು ಹತ್ತಿದವರಿಗೆ ಈ ವ್ಯತ್ಯಾಸ ಗೊತ್ತು.

ಆದರೂ ಆ ತೀರ್ಪಿನ ಕೊನೆಗೆ ಬರುವ ಬೆಂಕಿಯ ಕೆರೆ ನನಗೆ ಒಗ್ಗುವುದಿಲ್ಲ. ಸೈತಾನ, ಮೃಗ, ಕೊನೆಗೆ ಮರಣವೂ ಅದರಲ್ಲಿ ಬೀಳುತ್ತದೆ, ಅಲ್ಲಿಯವರೆಗೆ ಸರಿ. ಮನುಷ್ಯರೂ ಬೀಳುತ್ತಾರೆ. ಕೊಯ್ದ ಕುರಿಮರಿಯಿಂದ ಗೆದ್ದ ಗೆಲುವು ಹಾಗೆ ಮುಗಿಯಬೇಕಾ? ಇದು ನನ್ನೊಬ್ಬನ ತಕರಾರೂ ಅಲ್ಲ. ಮೂರನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ ಆರಿಜೆನ್, ಕೊನೆಗೆ ಎಲ್ಲರೂ ದೇವರ ಕಡೆ ತಿರುಗಿಯಾರು ಅನ್ನುವ ಕಡೆಗೆ ವಾಲಿದ. ನೀಸದ ಬಿಷಪ್ ಗ್ರೆಗರಿಯೂ ಅಂಥ ಮಾತು ಬರೆದ. ಆರಿಜೆನ್ನನ ಆ ಬೋಧನೆಯನ್ನು ಆರನೇ ಶತಮಾನದಲ್ಲಿ ಸಭೆ ತಪ್ಪು ಅಂತ ತಳ್ಳಿತು. ಗ್ರೆಗರಿ ಸಂತನಾಗಿಯೇ ಉಳಿದ. ಇದು ಹೇಗೋ, ಅವರವರೇ ಹೇಳಬೇಕು.

ಪುಸ್ತಕದ ಕೊನೆಯ ಎರಡು ಅಧ್ಯಾಯ ಓದುವಾಗ ಟೀಚರಿಗೂ ನನಗೂ ಜೋರು ಚರ್ಚೆ ಆಯಿತು. ಹೊಸ ಆಕಾಶ, ಹೊಸ ಭೂಮಿ. ಸಮುದ್ರ ಇನ್ನಿಲ್ಲ ಅಂತ ಬೇರೆ ಇದೆ, ಕುಂದಾಪುರದವನಾಗಿ ನನಗೆ ಅದೂ ಇಷ್ಟವಾಗಲಿಲ್ಲ. ಜನ ಮೇಲಕ್ಕೆ ಹೋಗುವುದಿಲ್ಲ, ಊರೇ ಕೆಳಗೆ ಇಳಿದು ಬರುತ್ತದೆ. ದೇವರು ಅವರ ಕಣ್ಣೀರನ್ನು ತಾನೇ ಒರಸುತ್ತಾನೆ. ಗುಡಿ ಇಲ್ಲ, ದೀಪ ಇಲ್ಲ, ರಾತ್ರಿ ಇಲ್ಲ. ಹನ್ನೆರಡು ಬಾಗಿಲು, ಒಂದನ್ನೂ ಮುಚ್ಚುವುದಿಲ್ಲ. ಭೂರಾಜರು ತಮ್ಮ ವೈಭವ ಹೊತ್ತು ಒಳಗೆ ಬರುತ್ತಾರೆ. ನಾನು ಅಲ್ಲಿ ನಿಂತೆ. “ಟೀಚರ್, ಈ ರಾಜರೆಲ್ಲ ಎರಡು ಅಧ್ಯಾಯ ಹಿಂದೆ ಸತ್ತು ಹಕ್ಕಿಗಳ ಪಾಲಾಗಿದ್ದರಲ್ಲ?” ಸುಳ್ಳುಗಾರರ ಕತೆಯೂ ಹಾಗೇ. 21ನೇ ಅಧ್ಯಾಯದಲ್ಲಿ ಬೆಂಕಿಯ ಕೆರೆಗೆ ಹೋದವರು 22ರಲ್ಲಿ ಊರಿನ ಹೊರಗೆ ನಿಂತಿದ್ದಾರೆ. ಬಾಗಿಲು ತೆರೆದೇ ಇದೆ. ಒಳಗಿನ ಮರದ ಎಲೆಗಳು ಜನಾಂಗಗಳನ್ನು ವಾಸಿಮಾಡಲಿಕ್ಕೆ ಅಂತಲೂ ಬರೆದಿದೆ. ಎಲ್ಲರೂ ವಾಸಿಯಾದ ಊರಲ್ಲಿ ಮದ್ದು ಯಾರಿಗೆ?

ಟೀಚರ್ ಸೋಲಲಿಲ್ಲ. ಬೆಂಕಿಯ ಕೆರೆ ಬೆಂಕಿಯ ಕೆರೆಯೇ, ನಿನಗೆ ಬೇಕಾದ ಹಾಗೆ ಆರಿಸಲಿಕ್ಕೆ ಆಗುವುದಿಲ್ಲ ಅಂದರು. ಆದರೆ ರಾಜರ ವಚನವನ್ನು ಮತ್ತೆ ಓದಿಸಿದರು. ಸುಳ್ಳುಗಾರರದ್ದನ್ನೂ ಓದಿಸಿದರು. ಪುಟದ ನಂಬರು ಬರೆದಿಡು ಅಂದರು. ಅವರ ಪಾದ್ರಿಗಳು ಮುಂದಿನ ವಾರ ಮನೆ ಪ್ರಾರ್ಥನೆಗೆ ಬರುವವರಿದ್ದಾರೆ. ಈ ಪ್ರಶ್ನೆಯನ್ನು ನಾನೇ ಕೇಳಬೇಕಂತೆ. ತಾವು ಕೇಳಿದರೆ ಈ ವಯಸ್ಸಿನಲ್ಲಿ ಟೀಚರ ವಿಶ್ವಾಸ ಕಮ್ಮಿಯಾಯಿತು ಅಂದುಕೊಂಡಾರು, ನೀನಾದರೆ ಗೊತ್ತಿಲ್ಲದವನು ಕೇಳಿದ ಅಂತ ಆಗುತ್ತದೆ ಅಂದರು.